ಮೋಟಾರು ಗಾಡಿಯ ಮೆರುಗು



ಬೆಳಗಿನ ಹೊತ್ತು ನಮ್ಮ ಬಡಾವಣೆಯ ಬೀದಿಯಲ್ಲಿ ಒಂದು ಸುತ್ತು ಹೋಗಿಬಂದರೆ, ಮನೆಗಳ ಮುಂದೆ ನಿಂತಿರುವ ಮೋಟಾರು ಗಾಡಿಗಳಲ್ಲಿ ಎರಡು ಬಗೆ ಕಾಣುವುದು. ಕೆಲವು ಗಾಡಿಗಳು ಮೇಲಿನ ಆಕಾಶವನ್ನೂ ಮರದ ಕೊಂಬೆಗಳನ್ನೂ ತಮ್ಮ ಮೈಮೇಲೆ ಕನ್ನಡಿಯಂತೆ ತೋರಿಸುತ್ತಿರುವುವು. ಮತ್ತೆ ಕೆಲವು, ವಯಸ್ಸಿನಲ್ಲಿ ಅಷ್ಟೇನೂ ಹಿರಿಯವಲ್ಲದಿದ್ದರೂ, ತೆಳ್ಳಗೆ ಬೂದಿ ಬಳಿದಂತೆ ಮಂಕಾಗಿ ನಿಂತಿರುವುವು. ಎಳೆಬಿಸಿಲು ಓರೆಯಾಗಿ ಬಿದ್ದಾಗ ಇಂಥವುಗಳ ಮೈಮೇಲೆ ಜೇಡನ ಬಲೆಯ ಹಾಗೆ ಸುತ್ತುಸುತ್ತಾದ ಸಣ್ಣ ಗೀರುಗಳು ಎದ್ದು ಕಾಣುತ್ತವೆ. “ಬಣ್ಣ ಹೋಯಿತು, ಇನ್ನು ಹೊಸದಾಗಿ ಬಣ್ಣ ಹೊಡೆಸಬೇಕು” ಎಂದು ಗಾಡಿಯವರು ನಿಟ್ಟುಸಿರು ಬಿಡುವುದುಂಟು. ಆದರೆ ಅನೇಕ ಸಂದರ್ಭಗಳಲ್ಲಿ ಬಣ್ಣ ಎಲ್ಲಿಗೂ ಹೋಗಿರುವುದಿಲ್ಲ. ಕೆಟ್ಟಿರುವುದು ಬಣ್ಣದ ಮೇಲಿರುವ, ನೀರಿನಂತೆ ತಿಳಿಯಾದ ಒಂದು ಪೊರೆ. ಇಂಗ್ಲಿಷಿನವರು ಇದನ್ನು ಕ್ಲಿಯರ್ ಕೋಟ್ ಎನ್ನುತ್ತಾರೆ. ನಾವು ಈ ಹೊತ್ತಿನ ಮಟ್ಟಿಗೆ ತಿಳಿಪೊರೆ ಎಂದು ಕರೆಯೋಣ. ಅದು ಪೂರ್ಣವಾಗಿ ನಾಶವಾಗಿಲ್ಲದಿದ್ದರೆ, ಒಂದೆರಡು ಭಾನುವಾರಗಳ ಶ್ರಮದಿಂದ ಮನೆಯಲ್ಲಿಯೇ ಅದಕ್ಕೆ ಮತ್ತೆ ಹೊಳಪು ಬರಿಸಬಹುದು.

ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದುದು ಪುಸ್ತಕದಿಂದಲ್ಲ. ನಮ್ಮ ತಂದೆಯವರು ಬಿಟ್ಟುಹೋದ ಕಡುನೀಲಿಯ ಗಾಡಿಯೊಂದು ಹದಿನಾಲ್ಕು ವರ್ಷ ಬಿಸಿಲು ಮಳೆಗಳನ್ನು ಕಂಡು ನೀಲಿಯೋ ಬೂದಿಯೋ ತಿಳಿಯದ ಹಾಗಾಗಿತ್ತು. ಮಾರಿದರೆ ಬರುವ ಹಣ ಅಲ್ಪ. ಪೂರ್ತಿ ಬಣ್ಣ ಹೊಡೆಸಲು ಕೇಳಿದ ಹಣ ಅದಕ್ಕಿಂತ ಬಹಳವೇನೂ ಕಡಮೆಯಲ್ಲ. ತಾಯಿಯವರಿಗೆ ಅದನ್ನು ಮಾರಲು ಮನಸ್ಸಿಲ್ಲ. ಹೀಗಾಗಿ ನಾನೇ ಕೈಹಾಕಿದೆನು. ಒಂದು ಕಡೆ ಕೆಡಿಸಿಯೂ ಕೆಡಿಸಿದೆನು. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ.

ಮೊದಲು ಈ ಪೊರೆಯ ಪೂರ್ವೋತ್ತರವನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು. ಆದಿಯಲ್ಲಿ ಮೋಟಾರು ಗಾಡಿಗಳಿಗೆ ಕುದುರೆ ಸಾರೋಟುಗಳಿಗೆ ಬಳಿಯುತ್ತಿದ್ದ ಎಣ್ಣೆಬಣ್ಣವನ್ನೂ ವಾರ್ನಿಷನ್ನೂ ಕುಂಚದಿಂದ ಬಳಿಯುತ್ತಿದ್ದರು. ಒಂದು ಪದರ ಒಣಗಿದ ಮೇಲೆ ಮತ್ತೊಂದು; ಗಾಡಿಯೊಂದು ಸಿದ್ಧವಾಗಲು ವಾರಗಳೇ ಹಿಡಿಯುತ್ತಿದ್ದುವು. ೧೯೨೩-೨೪ರ ಸುಮಾರಿನಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪೆನಿಯವರ ಡ್ಯೂಕೊ ಎಂಬ ನೈಟ್ರೊಸೆಲ್ಯುಲೋಸ್ ಬಣ್ಣ ಜನರಲ್ ಮೋಟಾರ್ಸ್ ಸಂಸ್ಥೆಯ ಓಕ್‌ಲೆಂಡ್ ಗಾಡಿಗಳ ಮೇಲೆ ಬಂದಿತು. ಬೇಗನೆ ಒಣಗುವ ಈ ಬಣ್ಣದಿಂದ ವಾರಗಳ ಕೆಲಸ ಕೆಲವು ಗಂಟೆಗಳಿಗೆ ಇಳಿಯಿತು. ಆ ಕಾಲದ ಬಣ್ಣಗಳಲ್ಲಿ ರಂಗೂ ಹೊಳಪೂ ಒಂದೇ ಪದರದಲ್ಲಿದ್ದುವು. ಬಿಸಿಲಿಗೆ ಮೇಲ್ಭಾಗ ಸುಣ್ಣದಂತೆ ಪುಡಿಯಾದರೆ, ಪಾಲಿಷು ಹಾಕಿ ತಿಕ್ಕಿ ಆ ಪುಡಿಯನ್ನು ತೆಗೆದು ಕೆಳಗಿನ ಹೊಸ ಬಣ್ಣವನ್ನು ಹೊರಕ್ಕೆ ತರುತ್ತಿದ್ದರು. ಲೋಹದ ಚೂರ್ಣವನ್ನು ಬೆರೆಸಿದ ಮಿರುಗುವ ಬಣ್ಣಗಳು ಬಳಕೆಗೆ ಬಂದ ಮೇಲೆ ಈ ಉಪಾಯ ಸಾಲದಾಯಿತು. ಆಗ ರಂಗಿಗೆ ಒಂದು ಪದರ, ಅದರ ರಕ್ಷಣೆಗೂ ಹೊಳಪಿಗೂ ಮೇಲೊಂದು ವರ್ಣರಹಿತವಾದ ಪದರ, ಎಂಬ ಏರ್ಪಾಡು ರೂಢಿಗೆ ಬಂದು, ೧೯೮೦ರ ದಶಕದಲ್ಲಿ ವ್ಯಾಪಕವಾಯಿತು.

ನಮ್ಮವರಿಗೆ ಮೆರುಗಿನ ವಿದ್ಯೆ ಹೊಸದಲ್ಲ. ಚನ್ನಪಟ್ಟಣದ ಕುಶಲಿಗಳು ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ, ತಿಕ್ಕಾಟದ ಶಾಖದಿಂದಲೇ ಅದನ್ನು ಕರಗಿಸಿ ಹತ್ತಿಸಿ, ಕೊನೆಗೆ ಒಣಗಿದ ಗರಿಯನ್ನು ಒತ್ತಿ ಹಿಡಿದು ಹೊಳಪು ತರುತ್ತಾರೆ. ಮೈಸೂರಿನಲ್ಲಿ ೧೯೩೭ರಲ್ಲಿ ಸ್ಥಾಪಿತವಾದ ಅರಗು ಮತ್ತು ಬಣ್ಣದ ಕಾರ್ಖಾನೆ ಇಂದು ಚುನಾವಣೆಯ ಅಳಿಸಲಾಗದ ಶಾಯಿಯಿಂದ ದೇಶಕ್ಕೆಲ್ಲ ಪರಿಚಿತವಾಗಿದ್ದರೂ, ಅದರ ಹೆಸರಿನಲ್ಲಿ ಮೊದಲು ಇದ್ದುದು ಅರಗೇ. ಆದರೆ ಅರಗಿನ ಬೊಂಬೆಗೂ ಮೋಟಾರು ಗಾಡಿಗೂ ಒಂದು ಮುಖ್ಯ ಭೇದವುಂಟು. ಅರಗು ಶಾಖಕ್ಕೆ ಮತ್ತೆ ಕರಗಿ ಹರಡಿಕೊಳ್ಳಬಲ್ಲುದು. ಗಾಡಿಯ ತಿಳಿಪೊರೆ ಒಮ್ಮೆ ಗಟ್ಟಿಯಾದರೆ ಆಯಿತು. ಅದು ಮತ್ತೆ ಕರಗಿ ಗೀರನ್ನು ತುಂಬಿಕೊಳ್ಳುವುದಿಲ್ಲ. ಆದಕಾರಣ ಗೀರನ್ನು ಹೋಗಲಾಡಿಸುವುದಕ್ಕೆ ಒಂದೇ ಮಾರ್ಗ: ಗೀರಿನ ತಳದವರೆಗೆ ಸುತ್ತಲಿನ ಪೊರೆಯನ್ನು ಸವೆಸಿ ಸಮಮಾಡುವುದು. ಹೊಳಪು ಬರಿಸುವುದೆಂದರೆ ಏನನ್ನೋ ಸೇರಿಸುವುದೆಂದು ಜನರು ತಿಳಿದಿರುವರು. ವಾಸ್ತವವಾಗಿ ಅದು ತೆಗೆಯುವ ಕೆಲಸ.

ಎಷ್ಟು ತೆಗೆಯಬಹುದು? ಇಲ್ಲಿಯೇ ಇರುವುದು ಎಚ್ಚರಿಕೆಯೆಲ್ಲ. ಉಕ್ಕಿನ ತಗಡಿನ ಮೇಲೆ ತುಕ್ಕನ್ನು ತಡೆಯುವ ಪದರ, ಅದರ ಮೇಲೆ ಸಮತಲಕ್ಕಾಗಿ ಒಂದು ಪದರ, ಅದರ ಮೇಲೆ ರಂಗು, ಎಲ್ಲಕ್ಕೂ ಮೇಲೆ ತಿಳಿಪೊರೆ. ಇಷ್ಟೂ ಸೇರಿ ಕಾರ್ಖಾನೆಯಿಂದ ಬಂದ ಗಾಡಿಯ ಬಣ್ಣದ ದಪ್ಪ ಸುಮಾರು ೧೦೦ ರಿಂದ ೧೫೦ ಮೈಕ್ರಾನು. ಮೈಕ್ರಾನೆಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಇದರಲ್ಲಿ ತಿಳಿಪೊರೆಯ ಪಾಲು ೩೫ ರಿಂದ ೫೦ ಮೈಕ್ರಾನು ಮಾತ್ರ. ನಮ್ಮ ತಲೆಗೂದಲಿನ ಎಳೆ ಸುಮಾರು ೭೦ ಮೈಕ್ರಾನು ದಪ್ಪವೆಂದರೆ, ಗಾಡಿಯ ಮೆರುಗೆಲ್ಲ ಒಂದು ಕೂದಲಿಗಿಂತ ತೆಳುವಾದುದೆಂದಾಯಿತು. ಅದರಲ್ಲಿಯೂ ಎಂಟು ಮೈಕ್ರಾನಿಗಿಂತ ಹೆಚ್ಚು ತೆಗೆಯಕೂಡದೆಂದು ಈ ಕಸಬಿನವರ ರೂಢಿ. ಏಕೆಂದರೆ ಪೊರೆಯಲ್ಲಿ ಸೂರ್ಯನ ನೇರಳಾತೀತ ಕಿರಣಗಳನ್ನು ಹೀರುವ ದ್ರವ್ಯಗಳು ಸೇರಿರುತ್ತವೆ. ಪೊರೆ ತೆಳುವಾದಷ್ಟೂ ಆ ರಕ್ಷಣೆ ಕುಗ್ಗಿ, ಒಂದೆರಡು ಬೇಸಗೆ ಕಳೆಯುವುದರೊಳಗಾಗಿ ಪೊರೆಯೇ ಸಿಪ್ಪೆ ಸುಲಿದಂತೆ ಏಳಬಹುದು.

ಹೊಳಪೆಂಬುದು ಏನೆಂಬುದನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ನುಣುಪಾದ ಮೈಮೇಲೆ ಬಿದ್ದ ಬೆಳಕು ಒಂದೇ ದಿಕ್ಕಿನಲ್ಲಿ ಪ್ರತಿಫಲಿಸುತ್ತದೆ. ಆಗ ಅದರಲ್ಲಿ ನಮ್ಮ ಮುಖ ಕಾಣುವುದು. ಮೈ ಒರಟಾದರೆ ಅದೇ ಬೆಳಕು ನಾಲ್ಕು ದಿಕ್ಕಿಗೂ ಚದರಿ, ರಂಗಿನ ಮೇಲೆ ಬಿಳಿಯ ಮುಸುಕು ಹಾಕಿದಂತೆ ತೋರುವುದು. ನೀರೆರಚಿದೊಡನೆ ಮಂಕುಗಾಡಿ ಹೊಸದರಂತೆ ಹೊಳೆದು, ಒಣಗಿದೊಡನೆ ಮತ್ತೆ ಮಂಕಾಗುವುದನ್ನು ನೀವೆಲ್ಲ ಕಂಡಿರುವಿರಿ. ನೀರು ಗುಳಿಗಳನ್ನು ತುಂಬಿ ಮೈಯನ್ನು ಕ್ಷಣಕಾಲ ಸಮಮಾಡಿದುದೇ ಅದಕ್ಕೆ ಕಾರಣ. ಕೆಲವು ಚಾಲಕರು ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಗಾಡಿಯನ್ನು ಒರಸಿ ಮಿಂಚಿಸುವುದೂ ಇದೇ ತಂತ್ರ. ನೀರಿಗಿಂತ ಎಣ್ಣೆ ನಿಧಾನವಾಗಿ ಆರುವುದು, ಅಷ್ಟೇ ವ್ಯತ್ಯಾಸ. ಮೇಲಾಗಿ ಎಣ್ಣೆಯ ಪಸೆಗೆ ಬೀದಿಯ ಧೂಳೆಲ್ಲ ಅಂಟಿಕೊಂಡು, ಮರುದಿನದ ಒರಸುವಿಕೆಗೆ ಅದೇ ಉಪ್ಪುಕಾಗದವಾಗುವುದು.

ಪೊರೆಯ ಶತ್ರುಗಳಲ್ಲಿ ಬಿಸಿಲು ಮೊದಲನೆಯದು. ಹಕ್ಕಿಯ ಹಿಕ್ಕೆ, ಮರದ ಅಂಟು, ಎಲೆಗಳ ಮೇಲಿನ ಹೇನುಜಾತಿಯ ಕ್ರಿಮಿಗಳು ಸುರಿಸುವ ಸಿಹಿಜಿಗುಟು, ಇವು ಬಿಸಿಯಾದ ಪೊರೆಯನ್ನು ಒಳಕ್ಕೆ ಕೊರೆಯುತ್ತವೆ. ಕೊಳವೆಬಾವಿಯ ಗಡಸುನೀರು ಬಿಸಿಲಿನಲ್ಲಿ ಆರಿದರೆ ಸುಣ್ಣದ ಉಂಗುರಗಳು ಉಳಿದುಕೊಳ್ಳುವುವು. ಆದರೆ ನನ್ನ ಅಭಿಪ್ರಾಯದಲ್ಲಿ, ನಮ್ಮ ನಗರಗಳ ಗಾಡಿಗಳನ್ನು ಇವೆಲ್ಲಕ್ಕಿಂತ ಹೆಚ್ಚಾಗಿ ಕೆಡಿಸಿರುವುದು ದಿನದಿನದ ಶುಚಿತ್ವವೇ. ದೊಡ್ಡ ವಠಾರಗಳಲ್ಲಿ ಗಾಡಿ ಒರಸುವ ಹುಡುಗನು ಸೂರ್ಯೋದಯಕ್ಕೆ ಮುಂಚೆ ಒಂದು ಬಕೆಟ್ಟು ನೀರು, ಒಂದು ಬಟ್ಟೆ ಹಿಡಿದು ಇಪ್ಪತ್ತು ಗಾಡಿಗಳನ್ನು ಮುಗಿಸುತ್ತಾನೆ. ಮೊದಲ ಗಾಡಿಯ ಮರಳಿನ ಕಣಗಳು ಇಪ್ಪತ್ತನೆಯ ಗಾಡಿಯ ಮೈಯನ್ನು ಗೀರುತ್ತವೆ. ಅವನನ್ನು ಬೈದು ಫಲವಿಲ್ಲ. ಒಂದು ಗಾಡಿಗೆ ನಾವು ತಿಂಗಳಿಗೆ ಕೊಡುವ ಹಣವನ್ನು ಲೆಕ್ಕಹಾಕಿ ನೋಡಿದರೆ, ಎರಡನೆಯ ಬಕೆಟ್ಟು ನೀರಿಗೆ ಅವನಿಗೆ ಸಮಯವೆಲ್ಲಿದೆ? ಒಣಧೂಳಿನ ಮೇಲೆ ಬಟ್ಟೆಯಾಡಿಸಬೇಡವೆಂದು ಹೇಳಿ, ವಾರಕ್ಕೊಂದು ಸಲ ಸರಿಯಾಗಿ ತೊಳೆಯಲು ಅಷ್ಟೇ ಹಣವನ್ನು ಕೊಡುವುದು ಗಾಡಿಗೂ ಹಿತ, ಅವನಿಗೂ ಹಿತ.

ಇನ್ನು ಕೆಲಸಕ್ಕೆ ಬರೋಣ. ಕೈಹಾಕುವ ಮುನ್ನ ರೋಗಪರೀಕ್ಷೆ ಆಗತಕ್ಕದ್ದು. ಛಾವಣಿಯ ಮೇಲೋ ಬಾನೆಟ್ಟಿನ ಮೇಲೋ ಬಿಳಿಯ ತೇಪೆಗಳಾಗಿ, ಅಂಚಿನಲ್ಲಿ ಪೊರೆ ಎದ್ದು ಉದುರುತ್ತಿದ್ದರೆ, ಅಲ್ಲಿ ಪಾಲಿಷಿಗೆ ವಿಷಯವೇ ಇಲ್ಲ. ಇಲ್ಲದ ಪೊರೆಯನ್ನು ಯಾವ ಔಷಧವೂ ಹೊಳೆಯಿಸದು. ಗೀರುಗಳ ಮೇಲೆ ಬೆರಳಿನ ಉಗುರನ್ನು ಮೆಲ್ಲನೆ ಅಡ್ಡಲಾಗಿ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಗೀರು ಬಹಳ ಆಳವಾಗಿದೆ, ಅದನ್ನು ಪೂರ್ತಿ ತೆಗೆಯುವ ಆಸೆಯನ್ನು ಬಿಡಬೇಕು. ನೀರು ಹಚ್ಚಿದಾಗ ಕಾಣದಂತಾಗುವ ಗೀರು ಪೊರೆಯಲ್ಲಿ ಮಾತ್ರ ಇರುವುದು. ಇದೇ ನಮ್ಮ ಕೆಲಸಕ್ಕೆ ತಕ್ಕುದು. ಮತ್ತೊಂದು ಪರೀಕ್ಷೆಯುಂಟು. ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಬಿಳಿಯ ಬಟ್ಟೆಗೆ ಸ್ವಲ್ಪ ಪಾಲಿಷು ಹಚ್ಚಿ ಉಜ್ಜಿ ನೋಡುವುದು. ಬಟ್ಟೆಗೆ ಗಾಡಿಯ ಬಣ್ಣ ಹತ್ತಿದರೆ ಅದು ಹಳೆಯ ಕ್ರಮದ ಒಂದೇ ಪದರದ ಬಣ್ಣ. ಹತ್ತದಿದ್ದರೆ ಮೇಲೆ ತಿಳಿಪೊರೆಯಿದೆ. ಈ ಪರೀಕ್ಷೆಯನ್ನು ಚೆನ್ನಾಗಿ ನೆನಪಿಡಿ.

ಮುಂದಿನದು ತೊಳೆಯುವುದು. ಗಾಡಿ ನೆರಳಿನಲ್ಲಿರಲಿ, ತಗಡು ಕೈಗೆ ತಣ್ಣಗಿರಲಿ. ಎರಡು ಬಕೆಟ್ಟುಗಳು ಬೇಕು: ಒಂದರಲ್ಲಿ ಗಾಡಿಗೆಂದೇ ಮಾರುವ ಸೌಮ್ಯವಾದ ಸಾಬೂನುನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿಯ ನೀರು. ಮೇಲಿನಿಂದ ಕೆಳಕ್ಕೆ ತೊಳೆಯುತ್ತ ಬರಬೇಕು, ಏಕೆಂದರೆ ಮರಳೆಲ್ಲ ಇರುವುದು ಕೆಳಗೆ, ಚಕ್ರಗಳ ಬಳಿ. ೨೦೨೪ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ನೀರಿನ ಅಭಾವ ಬಂದಾಗ, ಕುಡಿಯುವ ನೀರಿನಿಂದ ಗಾಡಿ ತೊಳೆದರೆ ೫,೦೦೦ ರೂಪಾಯಿ ದಂಡವೆಂದು ಜಲಮಂಡಲಿಯವರು ಆಜ್ಞೆ ಹೊರಡಿಸಿದ್ದು ನಿಮಗೆ ನೆನಪಿರಬಹುದು. ಕೊಳಾಯಿಯ ಮೂತಿ ಹಿಡಿದು ನೀರು ಹರಿಸುವ ಅಗತ್ಯ ಎಂದಿಗೂ ಇಲ್ಲ. ಎರಡು ಬಕೆಟ್ಟು ಧಾರಾಳವಾಗಿ ಸಾಕು. ಗಡಸುನೀರಿನ ಕಲೆಗಳಿದ್ದರೆ ಬಿಳಿಯ ವಿನಿಗರಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯಲ್ಲಿ ಅದ್ದಿ ಒಂದೆರಡು ನಿಮಿಷ ಇಟ್ಟು, ಕೂಡಲೆ ತೊಳೆದುಬಿಡಬೇಕು. ಹಿತ್ತಾಳೆಯ ಪಾತ್ರೆಯನ್ನು ಹುಣಿಸೆಹಣ್ಣಿನಿಂದ ಬೆಳಗಿದ ಅನುಭವವನ್ನು ಇಲ್ಲಿಗೆ ತರಬಾರದು.

ತೊಳೆದು ಒಣಗಿಸಿದ ಮೇಲೆ, ತೆಳುವಾದ ಪ್ಲಾಸ್ಟಿಕ್ ಚೀಲವನ್ನು ಕೈಗೆ ತೊಟ್ಟು ಗಾಡಿಯ ಮೈಮೇಲೆ ಬೆರಳಾಡಿಸಿ ನೋಡಿ. ಬರಿಗೈಗೆ ನುಣುಪೆನಿಸಿದುದು ಈಗ ಮರಳಿನಂತೆ ತರಿತರಿಯಾಗಿ ತೋರುವುದು. ಇವು ಪೊರೆಯೊಳಗೆ ನಾಟಿಕೊಂಡ ಬ್ರೇಕಿನ ಕಬ್ಬಿಣದ ಪುಡಿ, ರಸ್ತೆಯ ಡಾಮರು, ಬಣ್ಣದ ತುಂತುರು ಮೊದಲಾದುವು. ಇವನ್ನು ತೆಗೆಯಲು ಕ್ಲೇ ಎಂಬ ಮೆತ್ತನೆಯ ಮುದ್ದೆ ದೊರೆಯುತ್ತದೆ. ಮೈಗೆ ಸಾಬೂನುನೀರನ್ನು ಧಾರಾಳವಾಗಿ ಚಿಮುಕಿಸಿ, ಮುದ್ದೆಯನ್ನು ಒತ್ತದೆ ಹಗುರವಾಗಿ ಜಾರಿಸಿದರೆ, ಅಂಟಿದ ಕಣಗಳನ್ನು ಅದು ಕಿತ್ತುಕೊಳ್ಳುವುದು. ಮುದ್ದೆಯನ್ನು ಆಗಾಗ ಮಡಿಸಿ ಹೊಸಮುಖ ಮಾಡಿಕೊಳ್ಳಬೇಕು. ಅದು ನೆಲಕ್ಕೆ ಬಿದ್ದರೆ, ಎಷ್ಟೇ ಬೆಲೆ ಕೊಟ್ಟದ್ದಾದರೂ, ಎಸೆದುಬಿಡಬೇಕು.

ಇಷ್ಟಾದ ಮೇಲೆ ಉಜ್ಜುವ ಕೆಲಸ. ಕಿಟಕಿಗಳ ರಬ್ಬರು, ಕಪ್ಪು ಪ್ಲಾಸ್ಟಿಕ್ ಅಂಚುಗಳು, ಇವುಗಳ ಮೇಲೆ ಬಣ್ಣದಂಗಡಿಯಲ್ಲಿ ದೊರೆಯುವ ಅಂಟುಕಾಗದವನ್ನು ಹಚ್ಚಿ ಮುಚ್ಚಿಕೊಳ್ಳಬೇಕು. ಅಂಗಡಿಯಲ್ಲಿ ಎರಡು ಬಗೆಯ ಲೇಹ್ಯಗಳು ಸಿಕ್ಕುತ್ತವೆ. ಕಟುವಾದದು ರಬ್ಬಿಂಗ್ ಕಾಂಪೌಂಡು, ಮೃದುವಾದದು ಪಾಲಿಷು. ಎರಡರಲ್ಲಿಯೂ ಅಲ್ಯೂಮಿನಿಯಂ ಆಕ್ಸೈಡು ಮೊದಲಾದ ಗಡಸು ಪದಾರ್ಥಗಳ ಸೂಕ್ಷ್ಮಕಣಗಳಿವೆ. ಅನನುಭವಿಗಳು ಕಟುವಾದದನ್ನೇ ಮೊದಲು ಎತ್ತಿಕೊಳ್ಳುತ್ತಾರೆ. ಇದು ತಪ್ಪು. ಬಾನೆಟ್ಟಿನ ಮೇಲೆ ಒಂದು ಗೇಣುಗಲದ ಚೌಕವನ್ನು ಗುರುತಿಸಿಕೊಂಡು, ಮೃದುವಾದ ಪಾಲಿಷಿನಿಂದಲೇ ಪ್ರಾರಂಭಿಸಿ. ಅದರಿಂದ ಕೆಲಸವಾದರೆ ಇಡೀ ಗಾಡಿಗೆ ಅದೇ ಸಾಕು. ಆಗದಿದ್ದರೆ ಮಾತ್ರ ಕಾಂಪೌಂಡಿಗೆ ಹೋಗತಕ್ಕದ್ದು, ಆಮೇಲೆ ಅದು ಬಿಟ್ಟ ಮಸುಕನ್ನು ತೆಗೆಯಲು ಮತ್ತೆ ಪಾಲಿಷು. ಮೃದುವಾದ ಪಾಲಿಷಿನಿಂದ ಒಂದು ಮೈಕ್ರಾನಿನಷ್ಟೂ ಸವೆಯಲಿಕ್ಕಿಲ್ಲ. ಕಾಂಪೌಂಡಿನಿಂದ ಎರಡು ಮೂರು ಮೈಕ್ರಾನು ಹೋಗಬಹುದು. ಎಂಟರ ಮಿತಿಯನ್ನು ನೆನೆದರೆ, ಕಾಂಪೌಂಡು ಎಷ್ಟು ಸಲ ಹಾಕಬಹುದೆಂಬ ಲೆಕ್ಕ ಗಾಡಿಯ ಆಯುಸ್ಸಿಗೆಲ್ಲ ಬೆರಳೆಣಿಕೆಯದೇ ಸರಿ.

ಬರಿಗೈಯಿಂದ ಉಜ್ಜಬಹುದು, ಆದರೆ ಇಡೀ ಗಾಡಿಯನ್ನು ಕೈಯಿಂದ ಮುಗಿಸಿದವನ ತೋಳು ಮೂರು ದಿನ ಲೇಖನಿ ಹಿಡಿಯಲಾರದು. ವಿದ್ಯುತ್ತಿನಿಂದ ನಡೆಯುವ ಪಾಲಿಷಿನ ಯಂತ್ರಗಳಲ್ಲಿ, ಒಂದೇ ಅಕ್ಷದ ಮೇಲೆ ಗಿರ್ರನೆ ತಿರುಗುವುದೊಂದು ಜಾತಿ. ಅದು ಪಳಗಿದ ಕೈಗೆ ಮಾತ್ರ. ಒಂದೆಡೆ ಕ್ಷಣ ನಿಂತರೆ ಶಾಖವೇರಿ ಪೊರೆ ಸುಡುವುದು. ತನ್ನ ಸುತ್ತಲೂ ತಿರುಗುತ್ತ ವರ್ತುಲವಾಗಿಯೂ ಓಲಾಡುವ ಎರಡು ಚಲನೆಯ ಯಂತ್ರ ಗೃಹಸ್ಥರಿಗೆ ತಕ್ಕುದು. ಸ್ಪಂಜಿನ ಬಿಲ್ಲೆಗೆ ಬಟಾಣಿ ಗಾತ್ರದ ನಾಲ್ಕು ಚುಕ್ಕೆ ಪಾಲಿಷು ಇಟ್ಟು, ಎರಡಡಿ ಚೌಕದಷ್ಟು ಜಾಗದಲ್ಲಿ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಸಾಲಿನ ಮೇಲೆ ಅರ್ಧ ಸಾಲು ಬರುವಂತೆ, ನೇಗಿಲು ಹೊಡೆವವನ ತಾಳ್ಮೆಯಿಂದ ನಾಲ್ಕೈದು ಸಲ ಸಾಗಿಸಬೇಕು. ಬಳಿಕ ಶುಭ್ರವಾದ ಮೈಕ್ರೊಫೈಬರ್ ಬಟ್ಟೆಯಿಂದ ಒರಸಿ, ದೀಪವನ್ನು ಓರೆಯಾಗಿ ಹಿಡಿದು ನೋಡಬೇಕು. ಬಿಲ್ಲೆಯಲ್ಲಿ ಸವೆದ ಪೊರೆಯ ಪುಡಿ ತುಂಬಿಕೊಂಡರೆ ಅದು ಕೆಲಸ ಮಾಡದು. ಆಗಾಗ ಕುಂಚದಿಂದ ಬಿಡಿಸಿಕೊಳ್ಳಬೇಕು. ಆಳವಾದ ಒಂಟಿ ಗೀರುಗಳಿಗೆ ಕೆಲವರು ೨೦೦೦ ಅಥವಾ ೩೦೦೦ ಅಂಕದ ವಾಟರ್ ಪೇಪರನ್ನು ನೀರಿನಲ್ಲಿ ನೆನೆಸಿ ಉಜ್ಜುವುದುಂಟು. ಅಂಕ ಹೆಚ್ಚಿದಷ್ಟೂ ಕಣ ಸಣ್ಣದು. ಎರಡು ಸಾವಿರದ ಕಾಗದದ ಕಣವೂ ಸುಮಾರು ಹತ್ತು ಮೈಕ್ರಾನು ಇರುವುದೆಂಬುದನ್ನು ಮರೆಯಬಾರದು.

ನಾನು ಮರೆತೆನು. ಛಾವಣಿ ಬಾಗಿಲುಗಳೆಲ್ಲ ಚೆನ್ನಾಗಿ ಬಂದು, ಕಡುನೀಲಿ ಮತ್ತೆ ಕಡುನೀಲಿಯಾಗಿ, ತಾಯಿಯವರು ಹೊರಗೆ ಬಂದು ನೋಡಿ ಹೋದರು. ಆ ಉತ್ಸಾಹದಲ್ಲಿ ಬಾನೆಟ್ಟಿನ ಅಂಚಿನ ಬಳಿಯಿದ್ದ ಒಂದು ಗೀರನ್ನು ಸಂಪೂರ್ಣವಾಗಿ ತೆಗೆದೇ ತೀರುವೆನೆಂದು ವಾಟರ್ ಪೇಪರು ಹಿಡಿದೆನು. ಆಮೇಲೆ ಕಾಂಪೌಂಡು ಹಾಕಿ ಯಂತ್ರವಾಡಿಸಿದೆನು. ಅದುವರೆಗೆ ಬಿಳಿಯ ಕೆನೆಯಂತೆ ಇದ್ದ ಬಿಲ್ಲೆಯ ಮೇಲೆ ಇದ್ದಕ್ಕಿದ್ದಂತೆ ನೀಲಿಯ ಗೆರೆ ಕಾಣಿಸಿತು. ಅರ್ಥವೇನೆಂಬುದು ಶ್ರೋತೃಗಳಿಗೆ ಈಗ ಹೊಳೆದಿರಬೇಕು: ತಿಳಿಪೊರೆ ಮುಗಿದು ರಂಗೇ ಸವೆಯುತ್ತಿತ್ತು. ಮಡಿಕೆಗಳ ಮೇಲೂ ಅಂಚುಗಳ ಮೇಲೂ ಪೊರೆ ಮೊದಲೇ ತೆಳುವಾಗಿರುವುದು. ಜೊತೆಗೆ ಅಲ್ಲಿ ಕೈಯ ಒತ್ತಡವೆಲ್ಲ ಒಂದೇ ಗೆರೆಯ ಮೇಲೆ ಬೀಳುವುದು. ಅಂಚುಗಳ ಮೇಲೆ ಅಂಟುಕಾಗದ ಹಚ್ಚಿ ಮುಚ್ಚಿ, ಅಲ್ಲಿ ಕೊನೆಗೆ ಕೈಯಿಂದಲೇ ಹಗುರವಾಗಿ ಉಜ್ಜಿದ್ದರೆ ಈ ಹಾನಿ ಆಗುತ್ತಿರಲಿಲ್ಲ. ಬಣ್ಣದ ದಪ್ಪವನ್ನು ಅಳೆಯುವ ಸಣ್ಣ ಉಪಕರಣವೊಂದುಂಟು. ತಗಡಿಗೆ ಮುಟ್ಟಿಸಿದರೆ ಮೈಕ್ರಾನುಗಳ ಲೆಕ್ಕ ಹೇಳುವುದು. ಅದು ತಿಳಿಸುವುದು ಎಲ್ಲ ಪದರಗಳ ಒಟ್ಟು ದಪ್ಪವನ್ನು ಮಾತ್ರ. ಪ್ಲಾಸ್ಟಿಕ್ಕಿನ ಬಂಪರಿನ ಮೇಲೆ ಅದೂ ಇಲ್ಲ. ಆದರೂ ಒಂದು ಬಾಗಿಲಿಗೂ ಇನ್ನೊಂದಕ್ಕೂ ಬಹಳ ವ್ಯತ್ಯಾಸ ತೋರಿದರೆ, ಹಿಂದೆ ಅಲ್ಲಿ ಯಾರೋ ಬಣ್ಣ ಹೊಡೆದಿರುವರು ಅಥವಾ ಸವೆಸಿರುವರು ಎಂದು ತಿಳಿಯಬಹುದು. ಯಾರಿಂದಲಾದರೂ ಒಂದು ದಿನಕ್ಕೆ ಎರವಲು ದೊರೆತರೆ ಬಿಡಬೇಡಿ.

ಹೀಗೆ ಪೊರೆ ಹರಿದ ಕಡೆ ತಾವೇ ಡಬ್ಬಿಯಿಂದ ಹೊಸ ಪೊರೆಯನ್ನು ಸಿಂಪಡಿಸಬಹುದಲ್ಲವೆ ಎಂದು ಕೇಳುವಿರಿ. ಗಟ್ಟಿಕಾರಿ ಬೆರೆಸಿ ಸಿಂಪಡಿಸುವ ಬಾಳಿಕೆಯ ಪೊರೆಗಳಲ್ಲಿ ಐಸೊಸಯನೇಟ್ ಎಂಬ ದ್ರವ್ಯಗಳಿವೆ. ಇವುಗಳ ತುಂತುರು ಉಸಿರಿನಲ್ಲಿ ಸೇರಿದರೆ ಉಬ್ಬಸವನ್ನು ತರಬಲ್ಲುದು. ಒಮ್ಮೆ ಮೈಗೆ ಒಗ್ಗದೆಹೋದರೆ ಮುಂದೆ ಅತ್ಯಲ್ಪವೂ ಅಪಾಯಕರ. ಮೂಗಿಗೆ ಕಟ್ಟಿದ ಕರವಸ್ತ್ರ ಇದನ್ನು ತಡೆಯುವುದಿಲ್ಲ. ಮನೆಯ ಅಂಗಳ, ಮಕ್ಕಳು ಆಡುವ ಜಾಗ, ಇದಕ್ಕೆ ಸ್ಥಳವಲ್ಲ. ಅದನ್ನು ತಕ್ಕ ಗಾಳಿಯ ಏರ್ಪಾಡಿರುವ ಬಣ್ಣದ ಕಾರ್ಖಾನೆಗೇ ಬಿಡಬೇಕು. ಒಂದು ಬಾನೆಟ್ಟಿಗೆ ಮಾತ್ರ ಮಾಡಿಸಿದರೆ ಇಡೀ ಗಾಡಿಯ ಖರ್ಚು ಬರುವುದಿಲ್ಲ.

ಟೂತ್‌ಪೇಸ್ಟಿನಿಂದ ಗೀರು ಹೋಗುವುದೆಂಬ ಮಾತು ಬಹಳ ಪ್ರಚಾರದಲ್ಲಿದೆ. ಅದರಲ್ಲಿಯೂ ಉಜ್ಜುವ ಕಣಗಳಿರುವುದು ನಿಜ. ಆದರೆ ಹಲ್ಲಿಗೆಂದು ಮಾಡಿದುದರ ಕಣಗಳ ಗಾತ್ರ ಗಾಡಿಯ ಪೊರೆಗೆ ಹೊಂದುವುದೆಂಬ ಭರವಸೆಯಿಲ್ಲ. ಇನ್ನು ಅಂಗಡಿಯ ಕೆಲವು ಡಬ್ಬಿಗಳು ಗೀರುಗಳನ್ನು ತೆಗೆಯದೆ, ಎಣ್ಣೆಮೇಣಗಳಿಂದ ತುಂಬಿ ಮರೆಮಾಡುತ್ತವೆ. ಎರಡು ಸಲ ತೊಳೆದರೆ ಗೀರು ಮತ್ತೆ ಬಂದು ನಿಲ್ಲುವುದು. ನಿಮ್ಮ ಕೆಲಸ ನಿಜವಾದುದೋ ತೋರಿಕೆಯದೋ ತಿಳಿಯಬೇಕಾದರೆ, ಐಸೊಪ್ರೊಪೈಲ್ ಆಲ್ಕೊಹಾಲಿಗೆ ನೀರು ಬೆರೆಸಿ ಒರಸಿ, ಪಸೆಯನ್ನೆಲ್ಲ ತೆಗೆದು ನೋಡಬೇಕು. ಆಗಲೂ ಹೊಳೆದರೆ ಅದು ಪೊರೆಯದೇ ಹೊಳಪು.

ಕೊನೆಯದು ಮೇಣ. ಇದು ಹೊಳಪನ್ನು ಹುಟ್ಟಿಸುವುದಕ್ಕಲ್ಲ, ಬಂದ ಹೊಳಪನ್ನು ಕಾಯುವುದಕ್ಕೆ. ಬ್ರೆಜಿಲ್ ದೇಶದ ಈಶಾನ್ಯಭಾಗದಲ್ಲಿ ಬೆಳೆಯುವ ಒಂದು ತಾಳೆಯ ಎಲೆಗಳಿಂದ ಬರುವ ಕಾರ್ನೊಬ ಮೇಣ ಇದಕ್ಕೆ ಪ್ರಸಿದ್ಧವಾದುದು. ಅದು ಕರಗಲು ೮೦ ಡಿಗ್ರಿ ಸೆಂಟಿಗ್ರೇಡಿಗೂ ಮೇಲಿನ ಶಾಖ ಬೇಕು. ಆದರೂ ನಮ್ಮ ಬಿಸಿಲು ಮಳೆಗಳಲ್ಲಿ ಕೆಲವು ವಾರಗಳು, ಹೆಚ್ಚೆಂದರೆ ಎರಡು ಮೂರು ತಿಂಗಳು ನಿಲ್ಲುವುದು. ಕೃತಕವಾಗಿ ತಯಾರಿಸಿದ ಲೇಪಗಳು ಇನ್ನೂ ಸ್ವಲ್ಪ ಹೆಚ್ಚು ಬಾಳುವುವು. ಸೆರಾಮಿಕ್ ಎಂದು ಮಾರುವ, ಸಿಲಿಕಾ ಮೂಲದ ಲೇಪ ವರ್ಷಗಟ್ಟಲೆ ಇರುವುದು ನಿಜವಾದರೂ, ಅದು ಗೀರನ್ನೇ ಬೀಳಿಸದ ಕವಚವೆಂದು ನಂಬಿ ಹಣ ಸುರಿಯಬೇಡಿ. ಧೂಳುಬಟ್ಟೆ ಅದನ್ನೂ ಗೀರುತ್ತದೆ. ಯಾವುದನ್ನೇ ಹಚ್ಚಲಿ, ತೆಳ್ಳಗೆ ಹಚ್ಚಬೇಕು. ದಪ್ಪಗೆ ಮೆತ್ತಿದುದೆಲ್ಲ ಒರಸುವ ಬಟ್ಟೆಯ ಪಾಲಾಗುವುದು. ನೀರು ಬಿದ್ದಾಗ ಮುತ್ತಿನಂತೆ ಹನಿಗಟ್ಟುವುದು ನಿಂತುಹೋದರೆ, ಮತ್ತೊಮ್ಮೆ ಹಚ್ಚುವ ಕಾಲ ಬಂದಿತೆಂದು ತಿಳಿಯಬಹುದು.

ನಮ್ಮ ಗಾಡಿಯ ಬಾನೆಟ್ಟಿನ ಅಂಚಿನಲ್ಲಿ, ಒಂದು ಅಡಕೆಯ ಹೋಳಿನಷ್ಟು ಜಾಗ ಈಗಲೂ ಮಂಕಾಗಿದೆ. ಸಣ್ಣ ಕುಂಚದಿಂದ ಬಣ್ಣವನ್ನೂ ಮೇಲೆ ತಿಳಿ ವಾರ್ನಿಷನ್ನೂ ಮುಟ್ಟಿಸಿ ತುಕ್ಕು ಹಿಡಿಯದಂತೆ ಮಾಡಿದ್ದೇನೆ. ಪಕ್ಕದ ಗೀರನ್ನು ಹಾಗೆಯೇ ಬಿಟ್ಟಿದ್ದೇನೆ. ಅದು ತಂದೆಯವರು ಒಮ್ಮೆ ಮಾರುಕಟ್ಟೆಯ ಬೀದಿಯಲ್ಲಿ ಗಾಡಿಯನ್ನು ಹಿಂದಕ್ಕೆ ತೆಗೆದುಕೊಳ್ಳುವಾಗ ತರಕಾರಿಯ ಕೈಗಾಡಿ ತಗುಲಿ ಆದುದೆಂದು ಆಮೇಲೆ ತಾಯಿಯವರು ಹೇಳಿದರು.